ಬೆಳಕಿನತ್ತ ಬಾಗದ ಕೊತ್ತಂಬರಿ

ಭಾನುವಾರ, ಬೆಳಿಗ್ಗೆ
ಮೂರನೇ ಮಹಡಿಯಿಂದ

ಸರ್ವೇಯರ್ ಸಾಹೇಬರಿಗೆ,

ನಮಸ್ಕಾರ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮ ಕಾಗದ ಬಂತು.

ಗುದ್ದಿಸಿಕೊಂಡ ಕಾರಿನ ಬಗ್ಗೆ ವಿಮೆಯವರಿಗೆ ವರದಿ ಬರೆಯುವ ಧಾಟಿಯಲ್ಲೇ ನನ್ನನ್ನೂ ಕೇಳಿದ್ದೀರಿ. ಅಮ್ಮನ ಸೊಂಟದ ಮೂಳೆ ಕೂಡಿಕೊಂಡಿದೆಯೇ, ಮೆಟ್ಟಿಲು ಇಳಿಯಬಲ್ಲರೇ, ತಿಂಗಳ ಕೊನೆಗೆ ಬಂದು ಕರೆದುಕೊಂಡು ಹೋಗಬಹುದೇ ಎಂದು. ಫೋನ್ ಮಾಡಿದಾಗಲೆಲ್ಲ ಅವರು "ಇನ್ನೂ ಕಾಲು ಊರೋಕಾಗ್ತಿಲ್ಲ ಕಣೋ" ಎನ್ನುತ್ತಾರೆ, ನಿಜ ಸ್ಥಿತಿ ನೀನೇ ತಿಳಿಸು ಎಂದು ಬರೆದಿದ್ದೀರಿ. ನಿಮ್ಮ ಮನೆಯಲ್ಲಿ ಕೆಳಗಿನ ಕೋಣೆ ಸಿದ್ಧವಾಗಿದೆ, ನೋಡಿಕೊಳ್ಳಲು ಒಬ್ಬ ಹೆಂಗಸು, ಅಡುಗೆಗೆ ಇನ್ನೊಬ್ಬಳು, ಅಮ್ಮ ಒಂದು ಲೋಟವನ್ನೂ ಎತ್ತಬೇಕಾಗಿಲ್ಲ ಎಂದೂ ಬರೆದಿದ್ದೀರಿ. ಆ ಕೊನೆಯ ಮಾತನ್ನು ನಾನು ಎರಡು ಸಲ ಓದಿದೆ.

ಉತ್ತರವನ್ನು ಫೋನಿನಲ್ಲಿ ಹೇಳಲಾರೆ. ನೀವೂ ನಾನೂ ಫೋನ್ ಹಿಡಿದರೆ ಮಾತು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದು ನಿಮಗೂ ಗೊತ್ತು. ಜೊತೆಗೆ ಮಂಚ ನಡುಮನೆಯಲ್ಲೇ ಇದೆ, ಮಂಚದ ಮೇಲಿರುವವರ ಕಿವಿ ಬಹಳ ಚುರುಕು. ಆದ್ದರಿಂದ ಬರೆಯುತ್ತಿದ್ದೇನೆ. ನೀವು ಸಾಕ್ಷಿಯಿಲ್ಲದೆ ಏನನ್ನೂ ಒಪ್ಪುವವರಲ್ಲ. ನನಗೆ ಉತ್ತರ ಸಿಕ್ಕಿದ್ದು ಡಾಕ್ಟರಿಂದಲ್ಲ, ಒಂದು ಡಬ್ಬಿ ಕೊತ್ತಂಬರಿಯಿಂದ. ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ಅತ್ತೆ ಇಲ್ಲಿಗೆ ಬಂದದ್ದು ನನ್ನನ್ನು ಒಪ್ಪಿಸಿ ನಿಮ್ಮ ಹತ್ತಿರ ಕರೆದುಕೊಂಡು ಹೋಗಲು. ಒಪ್ಪಿಸುವ ಮಾತು ಶುರುವಾಗುವ ಮೊದಲೇ ನಮ್ಮ ಮಹಡಿಗೂ ಎರಡನೇ ಮಹಡಿಗೂ ನಡುವಿನ ಮೆಟ್ಟಿಲ ತಿರುವಿನಲ್ಲಿ ಕಾಲು ಜಾರಿತು. ಆಪರೇಷನ್ ಆಯಿತು, ಅಷ್ಟು ದೂರ ನಿಮ್ಮಲ್ಲಿಗೆ ಪ್ರಯಾಣ ಸದ್ಯಕ್ಕೆ ಬೇಡವೆಂದು ಡಾಕ್ಟರು ಹೇಳಿದರು, ಆಂಬುಲೆನ್ಸಿನವರು ಕುರ್ಚಿಯಲ್ಲಿ ಕೂರಿಸಿ, ಹಿಡಿದು ನಡೆಯಲು ಒಂದು ವಾಕರ್ ಸಮೇತ ಮೇಲೆ ತಂದು ಬಿಟ್ಟರು. ಲಿಫ್ಟಿಲ್ಲದ ಕಟ್ಟಡ, ಸ್ವಂತ ಕಾಲಿನಲ್ಲಿ ಇಳಿಯುವ ತನಕ ಇಲ್ಲೇ ಇರಲಿ, ಇಳಿದ ದಿನ ನಾನು ಕರೆದುಕೊಂಡು ಹೋಗುತ್ತೇನೆ ಎಂದು ನೀವು ಹೇಳಿದಿರಿ. ನಾನು ಹೂಂ ಎಂದೆ. ಬೇರೆಯಾಗಿರುವ ಗಂಡನ ತಾಯಿ, ಬೇರೆಯಾಗಿರುವ ಸೊಸೆಯ ಮನೆಯಲ್ಲಿ. ಕಟ್ಟಡದವರಿಗೆಲ್ಲ ಕೆಲವು ದಿನ ಮಾತಾಡಲು ಒಳ್ಳೇ ವಿಷಯ ಸಿಕ್ಕಿತು.

ನನ್ನ ಅಡುಗೆಯ ಸಂಗತಿ ನಿಮಗೆ ಗೊತ್ತೇ ಇದೆ. ನಿಮ್ಮ ಮನೆಯಲ್ಲಿ ಒಲೆಯ ಹತ್ತಿರ ಸುಳಿಯುವ ಅವಕಾಶ ನನಗೆ ಸಿಕ್ಕಿರಲಿಲ್ಲ, ಸಿಗಲಿ ಎಂದು ನಾನೂ ಹಾತೊರೆದಿರಲಿಲ್ಲ. ಇಲ್ಲಿ ಒಬ್ಬಳೇ ಇದ್ದಾಗ ಒಂದೇ ಪಾತ್ರೆಯಲ್ಲಿ ಅಕ್ಕಿ, ಬೇಳೆ, ಕೈಗೆ ಸಿಕ್ಕ ತರಕಾರಿ ಎಲ್ಲ ಹಾಕಿ ಬೇಯಿಸುತ್ತಿದ್ದೆ. ಇಲ್ಲವೇ ಆಲೂಗಡ್ಡೆ ಕಿವುಚಿ ಬೆಣ್ಣೆ, ಮೆಣಸಿನಪುಡಿ ಕಲೆಸಿಕೊಳ್ಳುತ್ತಿದ್ದೆ. ಸೊಪ್ಪು ಮಾತ್ರ ಹೊರಗಿನಿಂದ ತಂದರೆ ಅರ್ಧ ಕೊಳೆಯುತ್ತಿತ್ತು. ಹಾಗಾಗಿ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಖಾಲಿ ಮೊಸರಿನ ಡಬ್ಬಿಗಳಲ್ಲಿ ಬೆಳೆಯಲು ಶುರುಮಾಡಿದ್ದೆ. ಮೊಳಕೆ ಬಂದ ಬೆಳ್ಳುಳ್ಳಿ ಎಸಳು ಮಣ್ಣಿಗೆ ಚುಚ್ಚಿದರೆ ಹಸಿರು ಎಲೆ ಬರುತ್ತದೆ. ಈರುಳ್ಳಿಯ ಬುಡವನ್ನು ಬಿಸಾಡದೆ ನೀರಿನ ಬಟ್ಟಲಲ್ಲಿಟ್ಟರೆ ಅದೂ ಚಿಗುರುತ್ತದೆ. ಮೆಂತ್ಯಕ್ಕಂತೂ ಏನೂ ಬೇಡ, ಚೆಲ್ಲಿದರೆ ಸಾಕು.

ಅತ್ತೆ ಮೊದಲ ದಿನ ಮಂಚದಿಂದಲೇ ಇದನ್ನೆಲ್ಲ ನೋಡಿ, "ಇದೇನು ಅಡುಗೆಮನೇನಾ, ಪ್ರಯೋಗಶಾಲೇನಾ?" ಎಂದರು. ನಾನು ಕತ್ತರಿ ತಂದು ಬೆಳ್ಳುಳ್ಳಿ ಎಲೆ ಕತ್ತರಿಸಿ ತಟ್ಟೆಯ ಮೇಲೆ ಉದುರಿಸಿದೆ. "ಸೊಪ್ಪಿಗೆ ಕತ್ತರಿ! ಹಾಗೇ ಕ್ಷೌರದಂಗಡೀನೂ ಇಟ್ಟುಬಿಡು" ಎಂದರು. ಆದರೆ ತಟ್ಟೆ ಖಾಲಿಯಾಯಿತು. ಮರುದಿನ ಬ್ರೆಡ್ಡಿನ ಮೇಲೆ ಬೆಣ್ಣೆ ಸವರಿ ಅದೇ ಎಲೆ ಹಾಕಿ ಕೊಟ್ಟಾಗ, ಇನ್ನೊಂದು ಚೂರು ಇದೆಯಾ ಎಂದು ಕೇಳಿದರು. ನನ್ನ ಹತ್ತಿರ ಅವರು ಏನನ್ನಾದರೂ ಕೇಳಿದ್ದು ನಮ್ಮ ಮದುವೆಯಾದ ಮೇಲೆ ಅದೇ ಮೊದಲು.

ಕೊತ್ತಂಬರಿ ಬಿತ್ತಿದ್ದು ಅವರು ಬಂದ ಮೇಲೆ. ಬೀಜವನ್ನು ಲಟ್ಟಣಿಗೆಯಿಂದ ಮೆಲ್ಲಗೆ ಉರುಳಿಸಿ ಎರಡು ಹೋಳು ಮಾಡಿ ನೆನೆಹಾಕಬೇಕು. ಆ ಕೆಲಸವನ್ನು ಅವರ ತೊಡೆಯ ಮೇಲೆ ತಟ್ಟೆಯಿಟ್ಟು ಅವರಿಗೇ ಕೊಟ್ಟೆ. ಒಂದು ಕಾಳನ್ನು ಬೆರಳಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. "ಇಷ್ಟು ವರ್ಷ ಇದನ್ನ ಡಬ್ಬೀಲಿ ತುಂಬಿಟ್ಟಿದೀನಿ ಕಣೇ. ಇದರೊಳಗೊಂದು ಗಿಡ ಇದೆ ಅಂತ ಒಂದು ದಿನಾನೂ ಅನ್ನಿಸ್ಲಿಲ್ಲ" ಎಂದರು. ಸೊಪ್ಪನ್ನು ಯಾಕೆ ನಿಮ್ಮ ಮನೆಗೆ ತರುತ್ತಿರಲಿಲ್ಲ ಎಂದು ಕೇಳಿದೆ. ಮಾವನವರಿಗೆ ಅದು ಸೋಪಿನ ವಾಸನೆಯಂತೆ. ಅವರು ಹೋದ ಮೇಲೆ ತರೋಣವೆಂದರೆ ಮಗನಿಗೂ ಸೋಪಿನ ವಾಸನೆಯಂತೆ. ನಿಮ್ಮ ಮೂಗಿನ ತಪ್ಪಲ್ಲ ಅದು, ಕೆಲವರಿಗೆ ಹುಟ್ಟಿನಿಂದ ಹಾಗೇ ಇರುತ್ತದಂತೆ. "ಅಂದ್ರೆ ನಿಮಗಿಷ್ಟಾನಾ?" ಎಂದೆ. ಅವರು ಯೋಚನೆ ಮಾಡಿ, "ತಿಂದು ನೋಡ್ಬೇಕು" ಎಂದರು.

ಈಗ ಸಾಕ್ಷಿಯ ವಿಷಯ.

ಬಣ್ಣದ ಕಾರ್ಖಾನೆಯಲ್ಲಿ ನನ್ನ ಕೆಲಸ ಏನೆಂದು ನೀವು ಸರಿಯಾಗಿ ಕೇಳಿಸಿಕೊಂಡಿದ್ದೀರೋ ಇಲ್ಲವೋ. ಹೊಸ ಬಣ್ಣ ಬಳಿದ ತಗಡಿನ ತುಂಡುಗಳನ್ನು ಬಿಸಿಲಿಗಿಟ್ಟು, ಎಷ್ಟು ಮಾಸುತ್ತವೆ ಎಂದು ನೋಡುವುದು. ಪ್ರತಿ ತುಂಡಿನ ಹಿಂಬದಿಯಲ್ಲಿ ಕೆಂಪು ಮೇಣದ ಪೆನ್ಸಿಲಿನಿಂದ ಒಂದು ಬಾಣ ಎಳೆಯುತ್ತೇವೆ. ಬಾಣದ ಮೊನೆ ಬೆಳಕಿನ ಕಡೆ. ಯಾರಾದರೂ ತುಂಡನ್ನು ತಿರುಗಿಸಿಟ್ಟರೆ ತಕ್ಷಣ ಗೊತ್ತಾಗಲಿ ಎಂದು. ಈ ಚಾಳಿ ಕೈಗೆ ಎಷ್ಟು ಹತ್ತಿದೆಯೆಂದರೆ ಮೊಸರಿನ ಡಬ್ಬಿಗಳ ಅಡಿಗೂ ಬಾಣ ಎಳೆದು, ಮೊನೆಯನ್ನು ಕಿಟಕಿಗೆ ಮಾಡಿ ಇಟ್ಟಿದ್ದೆ. ಎಳೆದದ್ದು ನನಗೇ ಮರೆತುಹೋಗಿತ್ತು.

ಕಿಟಕಿಯ ಗಿಡ ಬೆಳಕಿನತ್ತ ಬಾಗುತ್ತದೆ. ದಿನಾ ಡಬ್ಬಿ ತಿರುಗಿಸಿದರೆ ಮಾತ್ರ ನೆಟ್ಟಗಿರುತ್ತದೆ. ನಾನು ಯಾವತ್ತೂ ತಿರುಗಿಸಿದವಳಲ್ಲ. ನನ್ನ ಮೆಂತ್ಯ ಯಾವಾಗಲೂ ಬಸ್ಸಿಗೆ ಕಾಯುವವರ ಹಾಗೆ ಒಂದೇ ಕಡೆ ಕತ್ತು ಚಾಚಿಕೊಂಡಿರುತ್ತಿತ್ತು. ಆದರೆ ಈ ಕೊತ್ತಂಬರಿ ಮೊಳೆತು ಎತ್ತರವಾಗುತ್ತಾ ಬಂದರೂ ನೆಟ್ಟಗೇ ನಿಂತಿತ್ತು. ನನಗೆ ತಲೆಗೆ ಹುಳ ಬಿಟ್ಟ ಹಾಗಾಯಿತು.

ಇಲ್ಲಿ ನನ್ನಿಂದ ಒಂದು ಪೆದ್ದುತನ ನಡೆಯಿತು. ಅಡುಗೆಮನೆಯ ಗೋಡೆಗೆ ನಮ್ಮ ಕಾರ್ಖಾನೆಯದೇ ಹೊಸ ಬಿಳಿ ಬಣ್ಣ ಬಳಿಸಿದ್ದೆ. ಆ ಬಿಳುಪು ಬೆಳಕನ್ನು ವಾಪಸ್ ಎಸೆಯುತ್ತಿದೆ, ಗಿಡಕ್ಕೆ ಎರಡೂ ಕಡೆಯಿಂದ ಬೆಳಕು ಸಿಗುತ್ತಿದೆ, ಅದಕ್ಕೇ ಬಾಗುತ್ತಿಲ್ಲ ಎಂದು ತೀರ್ಮಾನಿಸಿದೆ. ಮೇಲಧಿಕಾರಿಗೂ ಹೇಳಿದೆ. ಅವರು ಖುಷಿಯಾಗಿ ಜಾಹೀರಾತಿಗೆ ಬಳಸಬಹುದಾ ಎಂದು ವಿಚಾರಿಸಿದರು. ಖಾತ್ರಿ ಮಾಡಿಕೊಳ್ಳಲು ನನ್ನ ಕಪ್ಪು ಶಾಲನ್ನು ಗೋಡೆಗೆ ಮೊಳೆ ಹೊಡೆದು ತೂಗುಹಾಕಿದೆ. ಅತ್ತೆ ಮಂಚದಿಂದ, "ಗೋಡೆಗೇನು ಚಳಿಯಾಯ್ತಾ?" ಎಂದರು. ಬೆಳಕಿನ ಪರೀಕ್ಷೆ ಎಂದು ವಿವರಿಸಿದೆ. "ಓಹೋ" ಎಂದು ಮಗ್ಗುಲಾದರು. ಶಾಲು ಹಾಕಿ ವಾರವಾದರೂ ಕೊತ್ತಂಬರಿ ನೆಟ್ಟಗೇ ಇತ್ತು. ಆ "ಓಹೋ" ಹೇಳುವಾಗ ಅವರ ಮುಖ ಹೇಗಿತ್ತು ಎಂದು ಈಗ ನೆನೆಸಿಕೊಂಡರೆ ನನಗೇ ನಗು ಬರುತ್ತದೆ.

ಒಂದು ದಿನ ಡಬ್ಬಿಯಿಂದ ನೀರು ಸೋರುತ್ತಿದೆಯೆಂದು ಎತ್ತಿದೆ. ಅಡಿಯಲ್ಲಿ ಕೆಂಪು ಬಾಣ. ಮೊನೆ ಕಿಟಕಿಗಲ್ಲ, ಒಲೆಯ ಕಡೆಗಿತ್ತು.

ಯಾರೋ ತಿರುಗಿಸುತ್ತಿದ್ದಾರೆ. ನಾನು ಕೆಲಸಕ್ಕೆ ಹೋದಾಗ ಮನೆಗೆ ಬರುವವಳು ಒಬ್ಬಳೇ, ಎರಡನೇ ಮಹಡಿಯ ಟೈಲರಮ್ಮ. ಮಧ್ಯಾಹ್ನ ಬಂದು ಅತ್ತೆಗೆ ಊಟ ಬಿಸಿ ಮಾಡಿ ಕೊಟ್ಟು ಹೋಗುತ್ತಾಳೆ. ಅವಳನ್ನು ಕೇಳಿದೆ. "ಅಕ್ಕಾ, ಶಾಲೆ ಯೂನಿಫಾರ್ಮು ರಾಶಿ ಬಿದ್ದಿದೆ, ನನ್ನ ಕತ್ತು ತಿರುಗಿಸೋಕೇ ಪುರುಸೊತ್ತಿಲ್ಲ, ನಿಮ್ಮ ಡಬ್ಬಿ ತಿರುಗಿಸ್ಲಾ?" ಎಂದಳು. ಆಮೇಲೆ ತಾನೇ, "ಆದ್ರೆ ಒಂದು ಕೇಳ್ತೀನಿ. ಅಜ್ಜಿ ವಾಕರ್ರು ನಾನು ಬಂದಾಗಲೆಲ್ಲ ಬೇರೆ ಬೇರೆ ಮೂಲೇಲಿ ಇರುತ್ತಲ್ಲ, ಅದಕ್ಕೂ ಕಾಲಿದೆ ನಿಜ, ತಾನಾಗೇ ಓಡಾಡುತ್ತಾ?" ಎಂದಳು.

ಅಂದು ಸಂಜೆ ಅತ್ತೆಯನ್ನು ಎಬ್ಬಿಸಿ ಕೂರಿಸಲು ಎಂದಿನಂತೆ ಕೈ ಕೊಟ್ಟೆ. ಎಂದಿನಂತೆ ಅವರು "ಅಮ್ಮಾ" ಎಂದು ನರಳುತ್ತಾ ನನ್ನ ಕೈ ಹಿಡಿದರು. ದಿಂಬು ಸರಿಮಾಡಿ ನನ್ನ ಮುಖದ ಕೂದಲು ಹಿಂದಕ್ಕೆ ಸರಿಸಿಕೊಂಡೆ. ನನ್ನ ಅಂಗೈಯಲ್ಲಿ ಹಸಿ ಕೊತ್ತಂಬರಿಯ ಘಮ. ನಾನು ಅಂದು ಗಿಡ ಮುಟ್ಟಿಯೇ ಇರಲಿಲ್ಲ. ಡಬ್ಬಿಯ ಹತ್ತಿರ ಹೋಗಿ ನೋಡಿದೆ. ಎಲೆಗಳನ್ನು ಅಲ್ಲೊಂದು ಇಲ್ಲೊಂದು, ಗೊತ್ತಾಗದ ಹಾಗೆ, ಉಗುರಿನಿಂದ ಚಿವುಟಿದ್ದರು.

ತಿಂದು ನೋಡುವ ಕೆಲಸ ನಡೆದಿತ್ತು.

ನೀವಾಗಿದ್ದರೆ ಆ ಕ್ಷಣವೇ ಕೇಳಿಬಿಡುತ್ತಿದ್ದಿರಿ. ನಾನೂ ಬಾಯಿ ತೆರೆದಿದ್ದೆ. ಆದರೆ ಅವರು ಹಿಂದೊಮ್ಮೆ ಹೇಳಿದ ಮಾತು ನೆನಪಾಯಿತು. ಆಸ್ಪತ್ರೆಯಿಂದ ಬಂದು ವ್ಯಾಯಾಮ ಮಾಡಿಸುವ ಹುಡುಗಿ ಅವರನ್ನು ಮಗ್ಗುಲು ಬದಲಿಸಿ ಮಲಗಿಸುವಾಗ ಕಿಟಕಿ ನೋಡುತ್ತಾ, "ಒಂದೇ ಕಡೆ ಬಿದ್ಕೊಂಡ್ರೆ ಮೈ ಹಿಡ್ಕೊಳ್ಳುತ್ತೆ. ಪಾಪ, ಅವಕ್ಕೂ ಹಾಗೇ ಇರ್ಬೇಕು" ಎಂದಿದ್ದರು. ಗಿಡದ ಮಗ್ಗುಲು ಬದಲಿಸಲು ಮಂಚದಿಂದ ಇಳಿದಿದ್ದಾರೆ, ಸೊಂಟದ ನೋವನ್ನೂ ಲೆಕ್ಕಿಸದೆ. ಈಗ ನಾನು ಕೇಳಿದರೆ ಅಲ್ಲಿಗೆ ನಿಂತುಹೋಗಬಹುದು. ಪರೀಕ್ಷೆ ನಡೆಯುವಾಗ ತುಂಡನ್ನು ಮುಟ್ಟಬಾರದು ಎಂಬುದು ನಮ್ಮ ಕೆಲಸದ ಮೊದಲ ಪಾಠ.

ಬದಲಿಗೆ ಡಬ್ಬಿಗಳನ್ನು ಕಿಟಕಿಯ ಮೇಲಿನ ಹಲಗೆಗೆ ಸಾಗಿಸಿದೆ. ಅಲ್ಲಿಂದ ತಿರುಗಿಸಬೇಕಾದರೆ ವಾಕರ್ ಬಿಟ್ಟು, ನೆಟ್ಟಗೆ ನಿಂತು, ಕೈ ಮೇಲೆತ್ತಬೇಕು. ವ್ಯಾಯಾಮದ ಹುಡುಗಿಯನ್ನು ಬಾಗಿಲಾಚೆ ಕರೆದು ಇದರಿಂದ ಅಪಾಯವಿದೆಯೇ ಎಂದು ಕೇಳಿದೆ. ಅವಳು ನಕ್ಕುಬಿಟ್ಟಳು. "ಅದೇ ನೋಡಿ, ನನ್ನ ಮುಂದೆ ಅಯ್ಯೋ ಅಪ್ಪಾ ಅಂತಾರೆ, ಕಾಲು ಮುಟ್ಟಿ ನೋಡಿದ್ರೆ ದಿನಾ ಓಡಾಡೋರ ಕಾಲಿನ ಥರ ಗಟ್ಟಿಯಾಗಿದೆ. ಮುಂದಿನ ವ್ಯಾಯಾಮ ಇದೇ ಇತ್ತು, ಮಾಡ್ಲಿ ಬಿಡಿ" ಎಂದಳು. ಮೂರನೇ ದಿನ ಹಲಗೆಯ ಡಬ್ಬಿಯ ಬಾಣ ತಿರುಗಿತ್ತು.

ಆಮೇಲೆ ಇದು ಮಾತಿಲ್ಲದ ಆಟವಾಯಿತು. ಬಚ್ಚಲಿನ ಕಿಟಕಿಯಲ್ಲಿ ಪುದೀನ ಇಟ್ಟೆ. ಅಲ್ಲಿ ಹೊಸ್ತಿಲು ದಾಟಬೇಕು. ತಿರುಗಿತು. ಬಾಲ್ಕನಿಯಲ್ಲಿ ಬೆಳ್ಳುಳ್ಳಿ ಇಟ್ಟೆ. ಅಲ್ಲಿ ಒಂದು ಮೆಟ್ಟಿಲು ಇಳಿಯಬೇಕು. ಅದು ತಿರುಗಲು ತಡವಾಯಿತು. ನಾನು ಕಾರ್ಖಾನೆಯಲ್ಲಿ ಕೂತು ತಗಡು ನೋಡುವ ಬದಲು ಆ ಬೆಳ್ಳುಳ್ಳಿಯನ್ನೇ ನೆನೆಯುತ್ತಿದ್ದೆ. ಕೊನೆಗೆ ಒಂದು ಸಂಜೆ ಅದೂ ತಿರುಗಿತ್ತು. ಅಂದು ಅತ್ತೆ ರಾತ್ರಿಯೂಟಕ್ಕೆ ತಾವಾಗಿ, "ಆ ಆಲೂಗಡ್ಡೆಗೆ ಇವತ್ತು ಬೆಳ್ಳುಳ್ಳಿ ಎಲೆ ಹಾಕು, ಚೆನ್ನಾಗಿ ಬಂದಿದೆ" ಎಂದರು. ಬಾಲ್ಕನಿಯ ಬೆಳ್ಳುಳ್ಳಿ ಚೆನ್ನಾಗಿ ಬಂದಿರುವುದು ಮಂಚದಿಂದ ಕಾಣುವುದಿಲ್ಲ. ಹೇಳಿದ ಮೇಲೆ ಅವರಿಗೂ ಹೊಳೆಯಿತೇನೋ, "ಟೈಲರಮ್ಮ ಹೇಳ್ತಿದ್ಲು" ಎಂದು ಸೇರಿಸಿದರು. ನಾನು "ಹೌದಾ ಅತ್ತೆ" ಎಂದು ಕತ್ತರಿ ತರಲು ಎದ್ದೆ.

ನಮ್ಮ ಊಟ ಈಗ ಹೇಗಿರುತ್ತದೆ ಎಂದು ನೀವು ನೋಡಬೇಕು. ಮೊಟ್ಟೆಗೆ ಪುದೀನ ಹಾಕಿದರೆ ಹೇಗೆ, ಟೊಮೆಟೊ ಸೂಪಿಗೆ ಮೆಂತ್ಯದ ಎಳೆ ಎಲೆ ಹಾಕಿದರೆ ಹೇಗೆ ಎಂದು ದಿನಾ ಒಂದು ತಗಾದೆ. ಕೆಲವು ಬಾಯಿಗೆ ಇಡಲಾಗುವುದಿಲ್ಲ. ಪುದೀನ ಹಾಕಿದ ಮೊಟ್ಟೆಗೆ ಅವರು, "ಹಲ್ಲುಜ್ಜಿದ ಹಾಗಾಯ್ತು" ಎಂದರು. ಆದರೂ ಮುಗಿಸಿದರು. ಒಂದು ದಿನ ಅವರು, "ಇಷ್ಟು ದಿನ ಯಾರಿಗೇನಿಷ್ಟ ಅಂತ ನೆನಪಿಟ್ಕೊಂಡು ಬೇಯಿಸಿದೆ ಕಣೇ. ನಂಗೇನಿಷ್ಟ ಅಂತ ಯಾರಾದ್ರೂ ಕೇಳಿದ್ರೆ ಹೇಳೋಕೆ ಗೊತ್ತಿರ್ಲಿಲ್ಲ" ಎಂದರು. ದೂರುವ ಧ್ವನಿಯಲ್ಲ. ಹೊಸದೇನೋ ಗೊತ್ತಾಯಿತು ಎನ್ನುವ ಧ್ವನಿ. ನಾನು ಏನಿಷ್ಟ ಎಂದು ಕೇಳಿದೆ. ಕೊತ್ತಂಬರಿ ಇಷ್ಟ, ಪುದೀನ ಅಷ್ಟಕ್ಕಷ್ಟೇ, ಬೆಳ್ಳುಳ್ಳಿ ಎಲೆಗೆ ಸಮ ಯಾವುದೂ ಇಲ್ಲ ಎಂದರು.

ಇಷ್ಟರಲ್ಲಿ ನಿಮ್ಮ ಕಾಗದ ಬಂತು. ಮೆಟ್ಟಿಲು ಇಳಿಯಬಲ್ಲರೇ ಎಂದು ಕೇಳಿದ್ದಿರಿ. ಉಳಿದಿದ್ದ ಜಾಗ ಅದೊಂದೇ. ಅವರು ಬಿದ್ದ ತಿರುವಿನಲ್ಲಿ ಗಾಜಿನ ಕಿಟಕಿಯಿದೆ, ಒಳ್ಳೆಯ ಬೆಳಕು ಬರುತ್ತದೆ. ಕಾಗದ ಬಂದ ಮರುದಿನ ಕೊತ್ತಂಬರಿ ಡಬ್ಬಿಯನ್ನು ಅಲ್ಲಿಗೆ ಒಯ್ದಿಟ್ಟೆ. ಇಡುವಾಗ ನನ್ನ ಕೈ ತಡೆಯಿತು. ಅವರು ಅಲ್ಲಿ ಮತ್ತೆ ಜಾರಿದರೆ ಎಂಬ ಹೆದರಿಕೆ ಒಂದು. ಜಾರದೆ ಇಳಿದುಬಿಟ್ಟರೆ ಎಂಬುದು ಇನ್ನೊಂದು. ಇಳಿದರೆ ನೀವು ಕರೆದುಕೊಂಡು ಹೋಗುತ್ತೀರಿ. ನಿಮಗೆ ಸುಳ್ಳು ಬರೆಯುವುದು ನನ್ನಿಂದಾಗದ ಕೆಲಸ. ಅತ್ತೆಗೂ ಅದು ಗೊತ್ತಿದೆ.

ಟೈಲರಮ್ಮನಿಗೆ ಬಾಗಿಲು ತೆರೆದಿಟ್ಟುಕೊಂಡು ಹೊಲಿಯಲು ಹೇಳಿದ್ದೆ. ಗುರುವಾರ ನಾನು ಬರುವುದನ್ನೇ ಕಾಯುತ್ತಿದ್ದಳು. "ಬಂದ್ರು ಅಕ್ಕ. ಕಂಬಿ ಹಿಡ್ಕೊಂಡು, ಒಂದೊಂದೇ ಮೆಟ್ಲು. ನಾನು ನೋಡ್ತಾ ಇಲ್ಲ ಅನ್ನೋ ಹಾಗೆ ನೋಡ್ತಾ ಇದ್ದೆ. ಅವರು ನಾನು ನೋಡ್ತಿರೋದು ಗೊತ್ತಿಲ್ಲ ಅನ್ನೋ ಹಾಗೆ ಇಳಿದ್ರು. ಡಬ್ಬಿ ತಿರುಗಿಸಿ, ಎರಡೆಲೆ ಬಾಯಿಗೆ ಹಾಕ್ಕೊಂಡು, ಹತ್ಕೊಂಡು ಹೋದ್ರು" ಎಂದಳು. ನಾನು ಮೇಲೆ ಬಂದಾಗ ಅತ್ತೆ ಹೊದ್ದು ಮಲಗಿದ್ದರು. ಕಾಲು ಹೇಗಿದೆ ಎಂದೆ. "ಹಾಗೇ ಇದೆ ಕಣೇ, ಊರೋಕಾಗಲ್ಲ" ಎಂದರು.

ಆದ್ದರಿಂದ ನಿಮ್ಮ ಪ್ರಶ್ನೆಗಳಿಗೆ ಉತ್ತರ. ಮೂಳೆ ಕೂಡಿಕೊಂಡಿದೆ. ನಮ್ಮ ಮಹಡಿಯಿಂದ ತಿರುವಿನ ತನಕ ಇಳಿದು ಹತ್ತಿದ್ದಾರೆ. ಕರೆದುಕೊಂಡು ಹೋಗಬಹುದೇ ಎಂಬುದನ್ನು ನನ್ನನ್ನು ಕೇಳಬೇಡಿ, ಅವರನ್ನು ಕೇಳಿ. ನಡೆಯಬಲ್ಲವರು ನಡೆಯಲಾರೆ ಎಂದು ಯಾಕೆ ಹೇಳುತ್ತಿದ್ದಾರೆ ಎಂದು ಯೋಚಿಸಿ ಕೇಳಿ. ನೀವು ಸಿದ್ಧಮಾಡಿದ ಕೋಣೆ ಚೆನ್ನಾಗಿಯೇ ಇರುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅಲ್ಲಿ ಅವರು ಎತ್ತಿ ತಿರುಗಿಸಲು ಏನಿದೆ?

ನನ್ನ ಮಾತನ್ನೂ ಹೇಳಿಬಿಡುತ್ತೇನೆ. ಅವರು ಇಲ್ಲೇ ಇದ್ದರೆ ನನಗೆ ಸಂತೋಷ. ಇದರಿಂದ ನಿಮ್ಮ ನನ್ನ ವಿಷಯ ಇತ್ಯರ್ಥವಾಗುತ್ತದೆ ಎಂದು ತಿಳಿಯಬೇಡಿ; ಅದು ಬೇರೆ. ತಿಂಗಳ ಕೊನೆಗೆ ಖಂಡಿತ ಬನ್ನಿ. ಗಾಡಿ ಮಾಡಿಕೊಂಡು ಬರಬೇಡಿ, ಊಟಕ್ಕೆ ಬನ್ನಿ. ಕೊತ್ತಂಬರಿ ಹಾಕಿಯೇ ಮಾಡುತ್ತೇವೆ. ಬೇಡವೆಂದರೆ ಆರಿಸಿ ಪಕ್ಕಕ್ಕಿಡಿ, ಯಾರೂ ಏನೂ ಅನ್ನುವುದಿಲ್ಲ.

ಆರೋಗ್ಯ ನೋಡಿಕೊಳ್ಳಿ. ಮನೆಯಲ್ಲಿ ಈರುಳ್ಳಿ ತಂದರೆ ಬುಡ ಬಿಸಾಡಬೇಡಿ, ಒಂದು ಬಟ್ಟಲು ನೀರಲ್ಲಿಟ್ಟು ನೋಡಿ.

ಇಂತಿ,
ಬಣ್ಣದ ಕಾರ್ಖಾನೆಯವಳು

ಮರೆತ ಮಾತು: ನನ್ನ ಕೆಂಪು ಮೇಣದ ಪೆನ್ಸಿಲ್ ಒಂದು ಕಳೆದುಹೋಗಿತ್ತು, ಕಾರ್ಖಾನೆಯಲ್ಲೇ ಬಿಟ್ಟೆನೆಂದು ಬೇರೆ ತೆಗೆದುಕೊಂಡಿದ್ದೆ. ಈ ಕಾಗದ ಲಕೋಟೆಗೆ ಹಾಕಿ ಅಂಚೆಗೆಂದು ಕೆಳಗಿಳಿದೆ. ಕಟ್ಟಡದ ಮುಂಬಾಗಿಲ ಪಕ್ಕ, ಬಿಸಿಲು ಬೀಳುವ ಕಟ್ಟೆಯ ಮೇಲೆ, ಅತ್ತೆಯ ಚಹಾ ಕುಡಿಯುವ ಮಗ್ ಇತ್ತು. ಹಿಡಿಕೆ ಮುರಿಯಿತೆಂದು ನಾನು ಎತ್ತಿಟ್ಟಿದ್ದದ್ದು. ಅದರ ತುಂಬ ಮಣ್ಣು, ಮಣ್ಣಿನಲ್ಲಿ ಒಂದು ಬೆಳ್ಳುಳ್ಳಿ ಮೊಳಕೆ. ನಾನು ಇಟ್ಟದ್ದಲ್ಲ. ಟೈಲರಮ್ಮ ತಾನೂ ಅಲ್ಲ ಎಂದಳು. ಮಗ್ ಎತ್ತಿ ಅಡಿ ನೋಡಿದೆ. ಸೊಟ್ಟಗೆ ಎಳೆದ ಒಂದು ಕೆಂಪು ಬಾಣ. ಇದ್ದ ಹಾಗೇ ಇಟ್ಟು ಮೇಲೆ ಬಂದು, ಕೆಳಗೊಂದು ಗಿಡ ನೋಡಿದೆ ಎಂದೆ. ಅತ್ತೆ ಹೊದಿಕೆ ಸರಿಮಾಡಿಕೊಳ್ಳುತ್ತಾ, "ಅಲ್ಲಿ ಬಿಸಿಲು ಚೆನ್ನಾಗಿರುತ್ತೆ" ಎಂದರು. ಇದನ್ನು ಬರೆಯಲೆಂದೇ ಲಕೋಟೆ ಒಡೆದಿದ್ದೇನೆ. ಬಾಣದ ಮೊನೆ ಸರಿಯಾಗಿ ಬೆಳಕಿನ ಕಡೆಗಿತ್ತು. ಅಂದರೆ ತಿರುಗಿಸುವ ಸರದಿ ಈಗ ನನ್ನದು.